ಒಂದೂವರೆಗೆ ರಂಗಪ್ರವೇಶ, ಟಿವಿಗೆ ವೈಫೈ ಇಲ್ಲ!

ಮೆಲ್ಬರ್ನ್‌ನಲ್ಲಿರುವ ನನ್ನ ತಂಗಿಯ ಮಗಳ ರಂಗಪ್ರವೇಶ ಇದ್ದದ್ದು ಶ್ರಾವಣದ ಒಂದು ಶನಿವಾರ. ಅಲ್ಲಿ ಸಂಜೆ 6 ಗಂಟೆ ಎಂದರೆ ನಮಗೆ ಮಧ್ಯಾಹ್ನ ಒಂದೂವರೆ. ಯೂಟ್ಯೂಬ್‌ನಲ್ಲಿ ನೇರಪ್ರಸಾರ. ಸಾಗರದ ಹತ್ತಿರದ ನಮ್ಮ ಊರಮನೆಯಲ್ಲಿ ಅಮ್ಮ ಬೆಳಿಗ್ಗೆ ಹತ್ತಕ್ಕೇ ರೇಷ್ಮೆ ಸೀರೆ ಉಟ್ಟು ಸಿದ್ಧವಾಗಿದ್ದರು. ಒಂದು ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಮೊಬೈಲ್‌ನಲ್ಲಿ ಮೊಮ್ಮಗಳ ಮುಖ ಸಾಸಿವೆ ಕಾಳಿನಷ್ಟು ಕಾಣುತ್ತದೆ. ಅದಕ್ಕೇ ಟಿವಿಯಲ್ಲೇ ನೋಡಬೇಕು ಅಂತ ನಾನೂ ಮಗನೂ ಬೆಂಗಳೂರಿನಿಂದ ಹೋಗಿದ್ದೆವು.

ಹನ್ನೊಂದಕ್ಕೆ ಟಿವಿ ಹಾಕಿದರೆ, ‘ನೆಟ್‌ವರ್ಕ್‌ಗೆ ಸಂಪರ್ಕಿಸಲು ಸಾಧ್ಯವಾಗಲಿಲ್ಲ’.

ಮೇ ತಿಂಗಳಲ್ಲಿ ಸಿಡಿಲು ಬಡಿದು ಹಳೆಯ ರೌಟರ್ ಸುಟ್ಟುಹೋಗಿತ್ತು. ಹೊಸದು ಬಂದದ್ದು ಹಿಂದಿನ ವಾರವಷ್ಟೇ. ಜೋಡಿಸಲು ಬಂದ ಹುಡುಗ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಟ್ಟುಕೊಟ್ಟು, ‘ಏನೂ ಬದಲಾಯಿಸೋದು ಬೇಡ ಅಜ್ಜಿ’ ಅಂದು ಹೋಗಿದ್ದ. ಪಾಪ, ಒಳ್ಳೆಯದೇ ಯೋಚಿಸಿದ್ದ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರಿಮೋಟ್ ಹಿಡಿದು ಏಳು ಸಲ ಪಾಸ್‌ವರ್ಡ್ ಒತ್ತಿದೆ. ಒಂದೊಂದು ಅಕ್ಷರಕ್ಕೂ ಬಾಣದ ಗುಂಡಿ ಒತ್ತುತ್ತಾ ಪರದೆಯ ಮೇಲೆ ತೀರ್ಥಯಾತ್ರೆ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು. ಸಿಟ್ಟು ಬಂದು ‘ಫ್ಯಾಕ್ಟರಿ ರೀಸೆಟ್’ ಒತ್ತುವವಳಿದ್ದೆ. ಆರನೇ ತರಗತಿಯ ಮಗ ರಿಮೋಟ್ ಕಿತ್ತುಕೊಂಡ. ಅವನು ತಡೆದದ್ದು ಒಳ್ಳೆಯದಾಯಿತು. ಹಾಗೆ ಮಾಡಿದ್ದರೆ ಟಿವಿಯಲ್ಲಿದ್ದ ಆ್ಯಪ್‌ಗಳು, ಖಾತೆಗಳು ಎಲ್ಲ ಅಳಿಸಿಹೋಗುತ್ತಿದ್ದವು, ತಪ್ಪು ರೌಟರ್‌ನದ್ದಾಗಿದ್ದರೆ ಒಂದು ಪೈಸೆಯ ಪ್ರಯೋಜನವೂ ಆಗುತ್ತಿರಲಿಲ್ಲ.

‘ಅಮ್ಮಾ, ತೋಟಕ್ಕೆ ನೀರು ಬರದಿದ್ದರೆ ಅಜ್ಜ ಏನು ಮಾಡ್ತಿದ್ರು? ಪೈಪ್ ಎಲ್ಲಿ ಒಡೆದಿದೆ ಅಂತ ನೋಡ್ತಿದ್ರು ತಾನೆ?’ ಅಂದ. ಸರಿಯಾದ ಮಾತು. ಹೊರಗಿನಿಂದ ಮನೆಗೆ ಬರುವ ಕೇಬಲ್ ಒಂದು ತುಂಡು. ರೌಟರ್‌ನಿಂದ ಟಿವಿಗೆ ಗಾಳಿಯಲ್ಲಿ ಬರುವ ಅಲೆ ಇನ್ನೊಂದು. ಟಿವಿಯ ಹೊಟ್ಟೆಯೊಳಗಿನದು ಮೂರನೆಯದು.

ಮೊದಲು ಹೊರಗಿನ ಕೇಬಲ್. ಫೋನನ್ನು ಮನೆಯ ವೈಫೈಗೆ ಸೇರಿಸಿ ಒಂದು ವಿಡಿಯೊ ಹಾಕಿದೆವು. ಇಲ್ಲಿ ಒಂದು ಎಚ್ಚರ: ಮೊಬೈಲ್ ಡೇಟಾ ಆರಿಸಿಯೇ ನೋಡಬೇಕು. ಇಲ್ಲದಿದ್ದರೆ ವೈಫೈ ಸತ್ತಿದ್ದರೂ ಫೋನು ಸದ್ದಿಲ್ಲದೆ ಡೇಟಾ ಬಳಸಿ ವಿಡಿಯೊ ತೋರಿಸಿ ನಮ್ಮನ್ನು ಮೋಸ ಮಾಡುತ್ತದೆ. ವಿಡಿಯೊ ಓಡಿತು. ಹೊರಗಿನ ಕೇಬಲ್ ಸರಿಯಿದೆ.

ಆಮೇಲೆ ಆರಿಸಿ ಹಾಕುವ ಮದ್ದು. ರಿಮೋಟ್‌ನಿಂದ ಆರಿಸಿದರೆ ಟಿವಿ ಮಲಗುತ್ತದೆಯೇ ಹೊರತು ಪೂರ್ತಿ ಆರುವುದಿಲ್ಲ. ಪ್ಲಗ್ಗನ್ನೇ ಕಿತ್ತು, ಒಂದು ನಿಮಿಷ ಬಿಟ್ಟು, ಮೊದಲು ರೌಟರ್ ಹಾಕಿ, ಅದರ ದೀಪಗಳು ಮಿಣಕುವುದು ನಿಂತ ಮೇಲೆ ಟಿವಿ ಹಾಕಬೇಕು. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸರಿಹೋಗುತ್ತದೆ. ನಮ್ಮಲ್ಲಿ ಆಗಲಿಲ್ಲ.

ರೌಟರ್ ಇದ್ದದ್ದು ಜಗಲಿಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ. ಟಿವಿ ನಡುಮನೆಯಲ್ಲಿ. ನಡುವೆ ಅಜ್ಜನ ಕಾಲದ ಜಂಬಿಟ್ಟಿಗೆ ಗೋಡೆ. ವೈಫೈ ಎಂದರೆ ರೇಡಿಯೊ ಅಲೆ. ಲೋಹಕ್ಕೆ ಬಡಿದು ಹಿಂದಿರುಗುತ್ತದೆ, ದಪ್ಪ ಗೋಡೆಯಲ್ಲಿ ಸೊರಗುತ್ತದೆ. ಗೋಡೆಗೋಡೆಗೂ ಬಡಿದು ಪ್ರತಿಧ್ವನಿಯಂತೆ ಒಂದರ ಮೇಲೊಂದು ಬೀಳುವ ಈ ಅಲೆಗಳನ್ನು ಬಿಡಿಸಿ ಓದುವ ಉಪಾಯಕ್ಕೆ 1996ರಲ್ಲಿ ಅಮೆರಿಕದ ಪೇಟೆಂಟ್ ಪಡೆದದ್ದು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ. ಆ ತಂಡದ ಮುಂದಾಳು ಜಾನ್ ಓಸಲಿವನ್ ರೇಡಿಯೊ ಖಗೋಳ ವಿಜ್ಞಾನ ಬಲ್ಲವರು. ಆಕಾಶದ ಕ್ಷೀಣ ಸದ್ದನ್ನು ಹುಡುಕುತ್ತಿದ್ದವರ ಲೆಕ್ಕಾಚಾರ ನಮ್ಮ ಜಗಲಿಯವರೆಗೆ ಬಂದಿದೆ! ‘ಹಾಗಾದರೆ ವೈಫೈಯೂ ಚಿಕ್ಕಮ್ಮನ ಊರಿನ ಕಡೆಯದೇ’ ಅಂತ ಮಗನಿಗೆ ಖುಷಿ. ಬೀರುವಿನ ಹಿಂದಿನಿಂದ ರೌಟರನ್ನು ಎತ್ತಿ ಕಿಟಕಿಯ ಮೇಲಿನ ಹಲಗೆಗೆ ಏರಿಸಿದೆವು. ಟಿವಿಯಲ್ಲಿ ಸಿಗ್ನಲ್‌ನ ಗೆರೆಗಳು ಒಂದರಿಂದ ಮೂರಾದವು. ಆದರೂ ಅದೇ ವಾಕ್ಯ.

ಹನ್ನೆರಡು ಗಂಟೆ. ಅಮ್ಮ ಏನೂ ಹೇಳದೆ ಕುಳಿತಿದ್ದರು. ಬೈದಿದ್ದರೇ ವಾಸಿಯಿತ್ತು.

ಟಿವಿಯ ವೈಫೈ ಭಾಗವೇ ಕೆಟ್ಟಿದೆಯೇ ನೋಡೋಣವೆಂದು ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದೆ. ಟಿವಿ ತಕ್ಷಣ ಸೇರಿಕೊಂಡಿತು! ಆದರೆ ಯೂಟ್ಯೂಬ್ ತೆರೆಯಲಿಲ್ಲ. ನಮ್ಮೂರಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಪೇರಲೆ ಮರದ ಬುಡದಲ್ಲಿ, ನಡುಮನೆಯಲ್ಲಿ ಒಂದೇ ಗೆರೆ. ಅದಕ್ಕೇ ತೆರೆಯಲಿಲ್ಲ ಅಂದುಕೊಂಡು ಸುಮ್ಮನಾದೆ. ಅಲ್ಲೇ ನಾನು ಎಡವಿದ್ದು. ಅದನ್ನು ಮುಂದೆ ಹೇಳುತ್ತೇನೆ.

ಟಿವಿ ಫೋನಿಗೆ ಸೇರುತ್ತದೆ, ರೌಟರ್‌ಗೆ ಸೇರುವುದಿಲ್ಲ ಎಂದ ಮೇಲೆ ಜಗಳ ಹೊಸ ರೌಟರ್ ಜೊತೆಗೇ. ಅದರ ತಳದ ಚೀಟಿಯಲ್ಲಿದ್ದ ವಿಳಾಸವನ್ನು ಫೋನಿನ ಬ್ರೌಸರ್‌ನಲ್ಲಿ ಒತ್ತಿ ಸೆಟ್ಟಿಂಗ್ ತೆರೆದೆವು. ಹೊಸ ರೌಟರ್‌ಗಳು ಎರಡು ಬಗೆಯ ಅಲೆ ಕಳಿಸುತ್ತವೆ. 5 ಗಿಗಾಹರ್ಟ್ಸ್‌ನದು ವೇಗದ್ದು, ಆದರೆ ಗೋಡೆ ಕಂಡರೆ ಸುಸ್ತು. 2.4 ಗಿಗಾಹರ್ಟ್ಸ್‌ನದು ನಿಧಾನ, ಆದರೆ ದೂರ ಹೋಗುತ್ತದೆ. ನಮ್ಮ 2017ರ ಟಿವಿಗೆ 2.4 ಮಾತ್ರ ಗೊತ್ತು. ನಿಜವಾದ ತೊಡಕು ಇದ್ದದ್ದು ಬೀಗದಲ್ಲಿ. ವೈಫೈಯ ಭದ್ರತೆಗೆ ‘ಡಬ್ಲ್ಯುಪಿಎ-3’ ಎಂದಷ್ಟೇ ಆಯ್ಕೆಯಾಗಿತ್ತು. ಈ ಹೊಸ ಬೀಗ ಬಂದದ್ದೇ 2018ರಲ್ಲಿ. ಅದಕ್ಕಿಂತ ಮೊದಲೇ ಹುಟ್ಟಿದ ಟಿವಿಗೆ ಪಾಸ್‌ವರ್ಡ್ ಸರಿಯಾಗಿಯೇ ಗೊತ್ತಿದ್ದರೂ ಆ ಬೀಗಕ್ಕೆ ಕೀಲಿ ಹಾಕುವ ಕ್ರಮ ಗೊತ್ತಿಲ್ಲ. ಏಳು ಸಲ ಅಲ್ಲ, ಎಪ್ಪತ್ತು ಸಲ ಒತ್ತಿದ್ದರೂ ಅಷ್ಟೆ.

2.4ಕ್ಕೆ ‘ಅಜ್ಜಿಮನೆ’ ಎಂದು ಬೇರೆ ಹೆಸರಿಟ್ಟು, ಅದರ ಭದ್ರತೆಯನ್ನು ‘ಡಬ್ಲ್ಯುಪಿಎ-2’ಕ್ಕೆ ಇಳಿಸಿದೆವು. ಫೋನುಗಳಿಗೆ ಹಳೆಯ ಹೆಸರೇ ಇರಲಿ ಅಂತ 5ನ್ನು ಮುಟ್ಟಲಿಲ್ಲ. ಅವಸರದಲ್ಲಿ ಪಾಸ್‌ವರ್ಡೇ ಇಲ್ಲದೆ ಬಿಡುವ ಆಯ್ಕೆಯೂ ಅಲ್ಲೇ ಕಾಣುತ್ತದೆ. ಅದನ್ನು ಮಾತ್ರ ಒತ್ತಬೇಡಿ, ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

‘ಅಜ್ಜಿಮನೆ’ಗೆ ಟಿವಿ ಸೇರಿತು. ಮಗ ಕುಣಿದ. ಗಂಟೆ ಹನ್ನೆರಡು ಐವತ್ತು. ಯೂಟ್ಯೂಬ್ ಒತ್ತಿದರೆ ಚಕ್ರ ತಿರುಗಿ ತಿರುಗಿ ನಿಂತಿತು. ಬೇರೆ ಆ್ಯಪ್ ಕೂಡ ತೆರೆಯಲಿಲ್ಲ. ಸಂಪರ್ಕ ಇದೆಯಂತೆ, ಆದರೆ ಏನೂ ಬರುವುದಿಲ್ಲ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ಅಮ್ಮ ಬಾಯಿ ಬಿಟ್ಟರು. ‘ಈ ಟಿವಿಗೆ ಗಂಟೆಯೂ ಗೊತ್ತಿಲ್ಲ. ನಟ್ಟನಡು ಮಧ್ಯಾಹ್ನ ರಾತ್ರಿ ಮೂರು ಅಂತ ತೋರಿಸ್ತದೆ.’

ನೋಡಿದೆ. ಗಂಟೆ ಮಾತ್ರವಲ್ಲ, ತಾರೀಖು 2017ರ ಜನವರಿ!

ತಪ್ಪು ನನ್ನದೇ. ಜೂನ್‌ನಲ್ಲಿ ಇಂಟರ್ನೆಟ್ ಇಲ್ಲದಿದ್ದಾಗ ‘ಟಿವಿಯ ಗಡಿಯಾರ ತಪ್ಪಿದೆ’ ಅಂತ ಅಮ್ಮ ಫೋನ್ ಮಾಡಿದ್ದರು. ನಾನು ಇಲ್ಲಿಂದಲೇ ಹೇಳಿಕೊಟ್ಟು, ಪಕ್ಕದ ಮನೆಯ ಹುಡುಗನಿಂದ ಸಮಯವನ್ನು ಕೈಯಾರೆ ಹೊಂದಿಸಿದ್ದೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟು ದಿನಕ್ಕೆಷ್ಟು ಸಲ ಹೋಗುತ್ತದೋ! ಹೋದಾಗಲೆಲ್ಲ ಟಿವಿ ತನ್ನ ಹುಟ್ಟಿದ ದಿನಕ್ಕೆ ಮರಳುತ್ತಿತ್ತು. ತಾರೀಖು ತಪ್ಪಿದರೆ ಏನಾಯಿತು ಅನ್ನಬೇಡಿ. ಯೂಟ್ಯೂಬ್‌ನಂಥ ತಾಣ ತಾನು ಅಸಲಿಯೇ ಎಂದು ತೋರಿಸಲು ಟಿವಿಗೆ ಒಂದು ಗುರುತುಪತ್ರ ಕಳಿಸುತ್ತದೆ. ಅದರಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಮಾನ್ಯ ಎಂದು ಇರುತ್ತದೆ. ಇನ್ನೂ 2017ರಲ್ಲೇ ಕೂತ ಟಿವಿಗೆ ಅದು ಮುಂದೆಂದೋ ಶುರುವಾಗುವ ಪತ್ರ. ‘ನೀನು ನಕಲಿ’ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಹಾಟ್‌ಸ್ಪಾಟ್‌ನಲ್ಲಿ ಯೂಟ್ಯೂಬ್ ತೆರೆಯದ್ದಕ್ಕೂ ಇದೇ ಕಾರಣ. ಪೇರಲೆ ಮರದ ಸಿಗ್ನಲ್ಲನ್ನು ಸುಮ್ಮನೆ ದೂರಿದ್ದೆ.

ಸೆಟ್ಟಿಂಗ್‌ನಲ್ಲಿ ಸಮಯವನ್ನು ‘ಸ್ವಯಂಚಾಲಿತ’ ಎಂದು ಬದಲಿಸಿದೆವು. ನೆಟ್ ಇದ್ದದ್ದರಿಂದ ಟಿವಿ ತಾನೇ ತಾರೀಖು ತಿದ್ದಿಕೊಂಡಿತು. ಯೂಟ್ಯೂಬ್ ತೆರೆಯಿತು.

ಒಂದು ಗಂಟೆ ಇಪ್ಪತ್ತೇಳು ನಿಮಿಷಕ್ಕೆ ಪರದೆಯ ಮೇಲೆ ನಟರಾಜನ ಮುಂದೆ ದೀಪ ಕಂಡಿತು. ಅಮ್ಮ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು. ಗೆಜ್ಜೆಯ ಸದ್ದು ಕೇಳಿತು, ಹುಡುಗಿ ಬಂದಳು. ‘ಉದ್ದ ಆಗಿದಾಳೆ’ ಅಂದರು ಅಮ್ಮ. ಆಮೇಲೆ ಎರಡು ಗಂಟೆ ಮಾತೇ ಇಲ್ಲ.

ಸಂಜೆ ತಂಗಿ ಫೋನ್ ಮಾಡಿ, ‘ಟಿವಿಯಲ್ಲಿ ಸರಿಯಾಗಿ ಬಂತಾ?’ ಎಂದು ಕೇಳಿದಳು. ‘ಬಂತು. ಅದಕ್ಕೆ ತಾರೀಖು ಮರೆತು ಹೋಗಿತ್ತಂತೆ, ಈಗ ನೆನಪಾಗಿದೆ’ ಅಂದರು ಅಮ್ಮ.