ಅರವತ್ತು ತಟ್ಟೆಗೆ 406 ರೂಪಾಯಿ 80 ಪೈಸೆ

ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಂಥ ಊರಿನಲ್ಲಿ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿರುವ ಸರ್ಕಾರಿ ಶಾಲೆಯೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಬಿಸಿಯೂಟದ ನಿಯಮದಂತೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಹಾಗಾಗಿ ಅಡುಗೆಯವರು ಬೆಳಿಗ್ಗೆ ತೂಗಬೇಕಾದ್ದು 6 ಕೆ.ಜಿ. ಅಕ್ಕಿ, 1 ಕೆ.ಜಿ. 200 ಗ್ರಾಂ ಬೇಳೆ, 3 ಕೆ.ಜಿ. ತರಕಾರಿ, 300 ಗ್ರಾಂ ಎಣ್ಣೆ. ಅಕ್ಕಿ ಕೇಂದ್ರದಿಂದ ಪುಕ್ಕಟೆ ಬರುತ್ತದೆ. ಹಾಲು, ಮೊಟ್ಟೆಯ ಲೆಕ್ಕ ಬೇರೆ. ಮಿಕ್ಕ ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಗ್ಯಾಸ್ ಎಲ್ಲಕ್ಕೂ ಸೇರಿ 2025ರ ಮೇ 1ರಿಂದ ನಿಗದಿಯಾದ ದರ ಮಗುವಿಗೆ ದಿನಕ್ಕೆ 6 ರೂ. 78 ಪೈಸೆ. 60 ತಟ್ಟೆಗೆ 406 ರೂ. 80 ಪೈಸೆ. ತೊಗರಿಬೇಳೆ, ಟೊಮೇಟೊ ದರ ಏರಿದ ವಾರ ಈ ಮೊತ್ತ ಏರುವುದಿಲ್ಲ. ಸಾರು ತೆಳುವಾಗುತ್ತದೆ.

ಈ ಊಟ, ಪುಸ್ತಕ, ಮೇಷ್ಟ್ರು ಯಾವುದೂ ದಾನವಲ್ಲ. ಇದೇ ಸೀಮೆಯ ಕೆಂಗಲ್ ಹನುಮಂತಯ್ಯನವರೂ ಸದಸ್ಯರಾಗಿದ್ದ ಸಂವಿಧಾನ ರಚನಾ ಸಭೆ, 14 ವರ್ಷದವರೆಗಿನ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರಗಳಿಗೆ 10 ವರ್ಷದ ಗಡುವು ಹಾಕಿತ್ತು. ಗಡುವು 1960ಕ್ಕೆ ಮುಗಿಯಿತು. ರಾಮನಗರ, ಮಾಗಡಿಯ ರೇಷ್ಮೆ ಘಟಕಗಳಲ್ಲಿ ಮಕ್ಕಳು ದುಡಿಯುತ್ತಿದ್ದುದನ್ನು ಅಂತರರಾಷ್ಟ್ರೀಯ ಸಂಸ್ಥೆಯೊಂದು 2003ರಲ್ಲೂ ವರದಿ ಮಾಡಬೇಕಾಯಿತು. 2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿ 21ಎ ವಿಧಿಯನ್ನು ಸೇರಿಸಿತು. ಶಿಕ್ಷಣ ಹಕ್ಕು ಕಾಯ್ದೆಯೊಂದಿಗೆ ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, ಗಡುವು ದಾಟಿ 50 ವರ್ಷಕ್ಕೆ.

ಎಂಟು ವರ್ಷದ ಓದಿಗೆ ಕಾಯ್ದೆ ಹೇಳುವ ಶಾಲಾ ದಿನಗಳು 1,660: ಐದನೆಯವರೆಗೆ ವರ್ಷಕ್ಕೆ 200, ಆಮೇಲೆ 220. ಆರನೆಯಿಂದ ಊಟದ ಅಕ್ಕಿ 150 ಗ್ರಾಂ, ಅಡುಗೆ ವೆಚ್ಚ 10 ರೂ. 17 ಪೈಸೆ. ಒಂದು ದಿನವೂ ತಪ್ಪಿಸದ ಮಗು ಉಣ್ಣುವ ಅಕ್ಕಿ 199 ಕೆ.ಜಿ. 2025ರ ದರದಲ್ಲಿ ಅಡುಗೆ ವೆಚ್ಚ 13,492 ರೂ. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ ಎರಡು ಜೊತೆ ಸಮವಸ್ತ್ರಕ್ಕೆ ವರ್ಷಕ್ಕೆ 600 ರೂ., ಪಠ್ಯಪುಸ್ತಕಕ್ಕೆ 250, ಮೇಲಿನ ತರಗತಿಗೆ 400. ಶೂ, ಸಾಕ್ಸ್‌ಗೆ ರಾಜ್ಯ ಕೊಡುತ್ತ ಬಂದಿರುವುದು 265, ಆರನೆಯಿಂದ 295. ಎಲ್ಲ ಕೂಡಿದರೆ ಎಂಟು ವರ್ಷಕ್ಕೆ ಸುಮಾರು 23,000 ರೂ. 265 ರೂಪಾಯಿ ಎಂದರೆ ಉದ್ಯೋಗ ಖಾತರಿಯ ಒಂದು ದಿನದ ಕೂಲಿಗಿಂತ (2025-26ರಲ್ಲಿ 370 ರೂ.) ಕಡಿಮೆ. ಆ ದುಡ್ಡಿನ ಶೂ ಮಣ್ಣುರಸ್ತೆಯಲ್ಲಿ ವರ್ಷಪೂರ್ತಿ ಬಾಳಬೇಕು, ಬೆಳೆಯುವ ಕಾಲಿಗೂ ಹಿಡಿಯಬೇಕು. ನೋಟ್‌ಬುಕ್, ಬ್ಯಾಗಿನ ಖರ್ಚು ಈ ಲೆಕ್ಕದಲ್ಲಿಲ್ಲ. ಓದಿಗೆ ಅಡ್ಡಿಯಾಗುವ ಯಾವ ಖರ್ಚೂ ಮಗುವಿನ ಮೇಲೆ ಬೀಳಬಾರದು ಎಂದು ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ.

ಮೇಷ್ಟ್ರ ಲೆಕ್ಕ ಇನ್ನೂ ಬಿಗಿ. 60 ಮಕ್ಕಳವರೆಗೆ ಇಬ್ಬರು. 61ನೇ ಮಗು ಸೇರಿದರೆ ಮೂರನೆಯವರು. ತರಗತಿ ಐದು, ಮೇಷ್ಟ್ರು ಇಬ್ಬರು, ಅವರಲ್ಲೊಬ್ಬರು ತರಬೇತಿಗೆ ಹೋದ ದಿನ ಒಬ್ಬರೇ. 30 ಮಕ್ಕಳೊಳಗಿನ ಶಾಲೆಗೆ ಬರುವ ವಾರ್ಷಿಕ ಅನುದಾನ 10,000 ರೂ., ನೂರರವರೆಗಿದ್ದರೆ 25,000. ಸೀಮೆಸುಣ್ಣ, ಶೌಚಾಲಯದ ಸ್ವಚ್ಛತೆ, ಸಣ್ಣಪುಟ್ಟ ರಿಪೇರಿ ಎಲ್ಲವೂ ಅದರಲ್ಲೇ ಆಗಬೇಕು.

ಮೊದಲು ಬಡ ಮಕ್ಕಳಿಗೆ ಖಾಸಗಿ ಶಾಲೆಯ ಶೇ 25 ಸೀಟುಗಳ ದಾರಿಯೂ ಇತ್ತು. ಸರ್ಕಾರ ಒಂದನೇ ತರಗತಿಯ ಮಗುವಿಗೆ ವರ್ಷಕ್ಕೆ 16,000 ರೂ.ವರೆಗೆ ಮರುಪಾವತಿಸುತ್ತಿತ್ತು. ಅದು ಸಂಬಳವೂ ಸೇರಿದ ಮೊತ್ತವಾದ್ದರಿಂದ ಮೇಲಿನ 23,000ದ ಪಕ್ಕದಲ್ಲಿಟ್ಟು ತೂಗುವಂತಿಲ್ಲ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಸೀಟಿಲ್ಲ ಎಂದು ರಾಜ್ಯ ನಿಯಮ ಬದಲಿಸಿತು. 2019ರ ಮೇನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಯೇ ಸಾಕು ಎಂದು ವಾದಿಸಿ ಗೆದ್ದ ಸರ್ಕಾರ, ಆ ಶಾಲೆಯನ್ನು ಸಾಕು ಎನ್ನುವ ಮಟ್ಟಕ್ಕೆ ತರಲೇಬೇಕು. ಮರುಪಾವತಿಯಲ್ಲಿ ಉಳಿದ ದುಡ್ಡು ಅಲ್ಲಿಗೇ ಸಲ್ಲಬೇಕಾದ್ದು ನ್ಯಾಯ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಅವರು ಮಾಡುವ ಶಾಲಾ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರ ಎನ್ನುತ್ತದೆ ಕಾಯ್ದೆಯ 22ನೇ ಸೆಕ್ಷನ್. ದೊಡ್ಡಮಳೂರಿನ, ಚನ್ನಪಟ್ಟಣ ಸುತ್ತಿನ ಪೋಷಕರೇ, ಮುಂದಿನ ಸಭೆಗೆ ತಪ್ಪದೆ ಹೋಗಿ. ಬಿಸಿಯೂಟದ ದಾಸ್ತಾನು ಪುಸ್ತಕ, ಅನುದಾನದ ಖರ್ಚು ತೆಗೆಸಿ ನೋಡಿ. ಬೇಳೆಯಾಗಲಿ ಮೇಷ್ಟ್ರಾಗಲಿ ಕಡಿಮೆಯಿದ್ದರೆ ನಡಾವಳಿಯಲ್ಲಿ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕಳಿಸಿ.