ಕ್ಯಾಂಪರ್ ವ್ಯಾನ್‌ಗಳಲ್ಲಿ ವಿದ್ಯುತ್ ಕಾರಿನ ಹಳೆಯ ಬ್ಯಾಟರಿಗಳ ಬಳಕೆ

ಮಲಗುವ ಮತ್ತು ಅಡುಗೆ ಮಾಡುವ ಸೌಕರ್ಯವಿರುವ ಪ್ರವಾಸಿ ವಾಹನವನ್ನು ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ಅದರೊಳಗಿನ ದೀಪ, ಫ್ಯಾನು, ಫ್ರಿಜ್ಜುಗಳಿಗೆ ಎಂಜಿನ್ ಚಾಲೂ ಮಾಡುವ ಬ್ಯಾಟರಿಯ ಬದಲು ಪ್ರತ್ಯೇಕವಾದ ಇನ್ನೊಂದು ಬ್ಯಾಟರಿಯಿಂದ ವಿದ್ಯುತ್ ಒದಗಿಸುವುದು ರೂಢಿ. ಅಪಘಾತಕ್ಕೀಡಾದ ಅಥವಾ ಹಳತಾದ ವಿದ್ಯುತ್ ಕಾರುಗಳಿಂದ ಬಿಡಿಸಿದ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಈ ಕೆಲಸಕ್ಕೆ ಬಳಸುವುದು ಬ್ಯಾಟರಿಗಳ 'ಎರಡನೆಯ ಬಾಳು' ಎಂದು ಕರೆಯಲಾಗುವ ಮರುಬಳಕೆಯ ಒಂದು ಬಗೆ. ಕಾರಿನ ಬ್ಯಾಟರಿಯು ವೋಲ್ಟೇಜು, ಚಾರ್ಜಿನ ಕ್ರಮ ಹಾಗೂ ಬೆಂಕಿಯ ಸ್ವಭಾವ ಈ ಮೂರರಲ್ಲೂ ಸಾಂಪ್ರದಾಯಿಕ ಸೀಸ-ಆಮ್ಲ ಬ್ಯಾಟರಿಗಿಂತ ಭಿನ್ನವಾದುದರಿಂದ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಗೆಯೇ ಕೂರಿಸಲು ಬರುವುದಿಲ್ಲ.

ಹಿನ್ನೆಲೆ

ಮೊದಲಿನ ಸಾಮರ್ಥ್ಯದ ಶೇ. 70ರಿಂದ 80ರಷ್ಟು ಮಾತ್ರ ಉಳಿದಾಗ ಬ್ಯಾಟರಿಯು ಕಾರಿಗೆ ಸಾಲದೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಆದರೆ ವ್ಯಾನಿನ ಬೇಡಿಕೆ ಬಹಳ ಸೌಮ್ಯವಾದುದು. 2010ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ನಿಸಾನ್ ಲೀಫ್ ಕಾರಿನಲ್ಲಿ 24 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯು 80 ಕಿಲೋವ್ಯಾಟ್ ಮೋಟಾರನ್ನು ತಿರುಗಿಸಬೇಕಿತ್ತು. ವ್ಯಾನಿನ ಸಾಧನಗಳೆಲ್ಲ ಸೇರಿದರೂ ಒಂದೆರಡು ಕಿಲೋವ್ಯಾಟ್ ದಾಟುವುದು ಅಪರೂಪ.

ನಿಸಾನ್ ಮತ್ತು ಸುಮಿಟೊಮೊ ಸಂಸ್ಥೆಗಳು 2010ರಲ್ಲಿ ಮರುಬಳಕೆಗೆಂದೇ ಜಪಾನಿನಲ್ಲಿ 4ಆರ್ ಎನರ್ಜಿ ಎಂಬ ಕಂಪನಿಯನ್ನು ಸ್ಥಾಪಿಸಿದವು. 2018ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಯೋಹಾನ್ ಕ್ರೈಫ್ ಕ್ರೀಡಾಂಗಣದಲ್ಲಿ ಲೀಫ್‌ನ ಹೊಸ ಹಾಗೂ ಬಳಸಿದ ಬ್ಯಾಟರಿಗಳಿಂದ 3 ಮೆಗಾವ್ಯಾಟ್ ಶಕ್ತಿಯ ಸಂಗ್ರಹಾಗಾರ ಕಾರ್ಯಾರಂಭ ಮಾಡಿತು. ವ್ಯಾನುಗಳಲ್ಲಿ ನಡೆದಿರುವುದು ಹೆಚ್ಚಾಗಿ ಹವ್ಯಾಸಿಗಳ ಸ್ವಂತ ಪ್ರಯೋಗಗಳು.

ಲೀಫ್ ಮಾಡ್ಯೂಲಿನ ಉದಾಹರಣೆ

ಮೊದಲ ತಲೆಮಾರಿನ ಲೀಫ್ ಬ್ಯಾಟರಿಯು ಬಿಡಿಬಿಡಿಯಾಗಿ ಸಿಗುವ 48 ಮಾಡ್ಯೂಲುಗಳಿಂದ ಆಗಿದೆ. ಪ್ರತಿ ಮಾಡ್ಯೂಲಿನ ಲೋಹದ ಡಬ್ಬಿಯೊಳಗೆ ನಾಲ್ಕು ಚಪ್ಪಟೆ ಕೋಶಗಳಿದ್ದು, ಎರಡು ಸಮಾಂತರ ಜೋಡಿಗಳನ್ನು ಸರಣಿಯಲ್ಲಿ ಕೂಡಿಸಲಾಗಿದೆ. ಮಾಡ್ಯೂಲಿನ ತೂಕ ಸುಮಾರು 3.8 ಕಿಲೋಗ್ರಾಂ, ಹೊಸದಾಗಿದ್ದಾಗ ಅದು ಸುಮಾರು ಅರ್ಧ ಕಿಲೋವ್ಯಾಟ್-ಗಂಟೆ ಶಕ್ತಿಯನ್ನು ಹಿಡಿಯುತ್ತದೆ. ಒಂದು ಕಿಲೋವ್ಯಾಟ್-ಗಂಟೆ ಎಂದರೆ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟೇ. ದ್ರವದಿಂದ ತಂಪುಮಾಡುವ ಕೊಳವೆಗಳು ಈ ಬ್ಯಾಟರಿಯಲ್ಲಿ ಇಲ್ಲದಿರುವುದು ಬಿಸಿ ಪ್ರದೇಶದ ಕಾರುಗಳಲ್ಲಿ ಅದರ ಆಯುಸ್ಸನ್ನು ಕುಗ್ಗಿಸಿತು. ಬಿಡಿಸಿ ಬಳಸುವವರಿಗೆ ಮಾತ್ರ ಅದೇ ಅನುಕೂಲವಾಯಿತು.

ಇಂಥ ಆರು ಮಾಡ್ಯೂಲುಗಳು ಶೇ. 70ರಷ್ಟು ಸಾಮರ್ಥ್ಯ ಉಳಿಸಿಕೊಂಡಿದ್ದರೆ ಸುಮಾರು 2 ಯೂನಿಟ್ ಶಕ್ತಿ ಸಿಗುತ್ತದೆ. ತೂಕ 23 ಕಿಲೋಗ್ರಾಂ ಆಸುಪಾಸು. ಹೆಚ್ಚುಕಡಿಮೆ ಅಷ್ಟೇ ತೂಗುವ 12 ವೋಲ್ಟ್, 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಲ್ಲಿ 1.2 ಯೂನಿಟ್ ಇದ್ದರೂ, ಬಾಳಿಕೆಯ ದೃಷ್ಟಿಯಿಂದ ಅದರ ಅರ್ಧವನ್ನಷ್ಟೇ ಬಳಸುವುದು ವಾಡಿಕೆ. ಅಂದರೆ ಮುದಿ ಲಿಥಿಯಂ ಬ್ಯಾಟರಿಯೂ ಹೊಸ ಸೀಸದ ಬ್ಯಾಟರಿಯ ಮೂರು ಪಟ್ಟು ಉಪಯೋಗಕ್ಕೆ ಬರುತ್ತದೆ.

ವೋಲ್ಟೇಜಿನ ಹೊಂದಾಣಿಕೆ

ತೊಡಕು ಆರಂಭವಾಗುವುದು ಇಲ್ಲಿ. ಈ ಬಗೆಯ ಕೋಶದ ಸರಾಸರಿ ವೋಲ್ಟೇಜು ಸುಮಾರು 3.7, ಗರಿಷ್ಠ 4.2. ಮೂರು ಕೋಶಗಳ ಸರಣಿ 12.6 ವೋಲ್ಟ್ ತಲುಪಿದರೆ ನಾಲ್ಕು ಕೋಶಗಳ ಸರಣಿ 16.8 ತಲುಪುತ್ತದೆ. 12 ವೋಲ್ಟಿನ ಸಾಧನಗಳಿಗೆ ಮೊದಲನೆಯದು ಬೇಗನೆ ಸಾಲದಾಗುತ್ತದೆ, ಎರಡನೆಯದು ಅವುಗಳನ್ನು ಸುಡಬಲ್ಲದು. ಆದುದರಿಂದ ಮೂರು ಮಾಡ್ಯೂಲುಗಳನ್ನು, ಅಂದರೆ ಆರು ಕೋಶಗಳನ್ನು, ಸರಣಿಯಲ್ಲಿಟ್ಟು 24 ವೋಲ್ಟಿನ ಇನ್ವರ್ಟರಿಗೆ ಕೊಡುವುದು ಪ್ರಚಲಿತ ಪರಿಹಾರಗಳಲ್ಲಿ ಒಂದು. ಸಣ್ಣ ಸಾಧನಗಳಿಗೆ ಪರಿವರ್ತಕದ ಮೂಲಕ 12 ವೋಲ್ಟಿಗೆ ಇಳಿಸಲಾಗುತ್ತದೆ.

ಇದೇ ಜೋಡಣೆಗೆ 24 ವೋಲ್ಟಿನ ಸೀಸ-ಆಮ್ಲ ಚಾರ್ಜರನ್ನು ಹಚ್ಚಿದರೆ ಏನಾದೀತು? ಅಂಥ ಚಾರ್ಜರು 28.8 ವೋಲ್ಟಿನವರೆಗೂ ಏರಬಲ್ಲದು. ಆರರಿಂದ ಭಾಗಿಸಿದರೆ ಕೋಶಕ್ಕೆ 4.8 ವೋಲ್ಟ್, ಸುರಕ್ಷಿತ ಮಿತಿಯನ್ನು ಬಹುದೂರ ಮೀರಿದ ಪ್ರಮಾಣ. ಸೌರಫಲಕದ ನಿಯಂತ್ರಕವಿರಲಿ, ಎಂಜಿನ್ನಿನಿಂದ ಚಾರ್ಜ್ ಮಾಡುವ ಸಾಧನವಿರಲಿ, ಮಿತಿಯನ್ನು ಕೋಶಗಳ ಸಂಖ್ಯೆಗೆ ತಕ್ಕಂತೆ ಹೊಂದಿಸಲೇಬೇಕು. ಕಾರಿನ ಕಾವಲು ವ್ಯವಸ್ಥೆ ಮಾಡ್ಯೂಲಿನ ಜೊತೆ ಬರುವುದಿಲ್ಲ. ಪ್ರತಿ ಕೋಶದ ವೋಲ್ಟೇಜನ್ನು ಗಮನಿಸಿ ಅಗತ್ಯಬಿದ್ದಾಗ ಪ್ರವಾಹವನ್ನು ಕಡಿಯುವ ಹೊಸ ಬ್ಯಾಟರಿ ನಿರ್ವಹಣಾ ವ್ಯವಸ್ಥೆಯನ್ನು ಅಳವಡಿಸುವುದು ಅನಿವಾರ್ಯ.

ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳಲ್ಲಿ ಈ ತಾಪತ್ರಯ ಕಡಿಮೆ. 3.2 ವೋಲ್ಟಿನ ನಾಲ್ಕು ಕೋಶಗಳು 12.8 ವೋಲ್ಟ್ ಕೊಡುತ್ತವೆ. ಉಷ್ಣವನ್ನೂ ಅವು ಹೆಚ್ಚು ತಾಳಿಕೊಳ್ಳುತ್ತವೆ.

ಅಪಾಯಗಳು

ಲೀಫ್‌ನ ಇಡೀ ಬ್ಯಾಟರಿ ಸುಮಾರು 360 ವೋಲ್ಟಿನ ನೇರ ವಿದ್ಯುತ್ತನ್ನು ಹೊಂದಿರುತ್ತದೆ. ಸುರಕ್ಷತಾ ಪ್ಲಗ್ ತೆಗೆದರೂ ಒಳಗಿನ ಕೋಶಗಳು ಚಾರ್ಜಾಗಿಯೇ ಇರುತ್ತವೆ. ಕೋಶವನ್ನು 'ಆರಿಸುವ' ಸ್ವಿಚ್ಚು ಯಾವುದೂ ಇಲ್ಲ. ಪ್ಯಾಕನ್ನು ಬಿಚ್ಚುವ ಕೆಲಸ ತರಬೇತಿ ಪಡೆದವರದೇ ಆಗಬೇಕು.

ಕೋಶವೊಂದು ಮಿತಿಮೀರಿ ಬಿಸಿಯಾದರೆ ಅದರೊಳಗಿನ ಕ್ರಿಯೆಗಳು ತಾವೇ ಶಾಖವನ್ನು ಹೆಚ್ಚಿಸುತ್ತಾ ನೆರೆಯ ಕೋಶಗಳಿಗೂ ಹಬ್ಬುತ್ತವೆ. ಹೊರಬರುವ ಅನಿಲಗಳಲ್ಲಿ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಇರಬಹುದು. ವ್ಯಾನು ಮಲಗುವ ಕೋಣೆಯೂ ಆಗಿರುವುದರಿಂದ ಈ ವಿಚಾರಕ್ಕೆ ಮನೆಯ ಗ್ಯಾರೇಜಿಗಿಂತ ಹೆಚ್ಚಿನ ಗಾಂಭೀರ್ಯವಿದೆ. ಬ್ಯಾಟರಿಯನ್ನು ಹೊರಕ್ಕೆ ಗಾಳಿಯಾಡುವ ಗಟ್ಟಿ ಪೆಟ್ಟಿಗೆಯಲ್ಲಿ ಬಿಗಿದು, ಧನಾಗ್ರದ ಸಮೀಪದಲ್ಲೇ ಫ್ಯೂಸ್ ಇಡುವುದು ಸೂಕ್ತ. ಉಬ್ಬಿದ, ಜಜ್ಜಿದ ಅಥವಾ ನೆರೆನೀರಿನಲ್ಲಿ ಮುಳುಗಿದ ಕಾರಿನಿಂದ ಬಂದ ಮಾಡ್ಯೂಲುಗಳು ಎಷ್ಟೇ ಅಗ್ಗವಾಗಿದ್ದರೂ ಬಳಕೆಗೆ ಯೋಗ್ಯವಲ್ಲ. ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಚಾರ್ಜ್ ಮಾಡಿದರೆ ಋಣಾಗ್ರದ ಮೇಲೆ ಲಿಥಿಯಂ ಲೋಹ ಸಂಚಯವಾಗಿ ಕೋಶ ಶಾಶ್ವತವಾಗಿ ಹಾಳಾಗಬಹುದು.

ಕಾನೂನು

ಭಾರತದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ವಿದ್ಯುತ್ ವಾಹನಗಳ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಹಳೆಯ ಬ್ಯಾಟರಿಗಳ ಸಂಗ್ರಹ ಹಾಗೂ ಮರುಚಕ್ರೀಕರಣ ಅಥವಾ ನವೀಕರಣದ ಹೊಣೆ ಉತ್ಪಾದಕರದು. ನವೀಕರಣ ಮಾಡುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮಾವಳಿಯು 2027ರ ಫೆಬ್ರುವರಿ 18ರಿಂದ ವಿದ್ಯುತ್ ವಾಹನದ ಪ್ರತಿ ಬ್ಯಾಟರಿಗೂ ಡಿಜಿಟಲ್ ಪಾಸ್‌ಪೋರ್ಟನ್ನು ಕಡ್ಡಾಯಗೊಳಿಸಿದೆ.