ಟಿಕೆಟ್ ಕೊಳ್ಳದೆ ಕಂಡ ಸಿಂಗಪುರ

ಸಿಂಗಪುರಕ್ಕೆ ಹೋಗಿಬಂದವರು ಮಾತು ಶುರು ಮಾಡುವುದೇ ಟಿಕೆಟ್ಟಿನಿಂದ. ಆ ಪಾರ್ಕಿಗೆ ತಲೆಗೆ ಇಷ್ಟು, ಈ ದೊಡ್ಡ ಚಕ್ರಕ್ಕೆ ಅಷ್ಟು, ಮೀನಿನ ಮನೆಗೆ ಮತ್ತಷ್ಟು! ಡಾಲರನ್ನು ರೂಪಾಯಿಗೆ ಗುಣಿಸಿದರೆ ನನ್ನಂಥ ಪಿಂಚಣಿದಾರನ ಎದೆ ಝಲ್ಲೆನ್ನುತ್ತದೆ. ಬೇಸಿಗೆ ರಜೆಯಲ್ಲಿ ನಾನು, ನನ್ನಾಕೆ ಮತ್ತು ಆರನೇ ತರಗತಿಗೆ ಕಾಲಿಡಲಿದ್ದ ಮೊಮ್ಮಗಳು ಅಲ್ಲಿರುವ ಮಗಳ ಮನೆಗೆ ಹೊರಟಾಗ ಒಂದು ಕರಾರು ಮಾಡಿಕೊಂಡೆವು. ಮೃಗಾಲಯಕ್ಕೆ ಮಾತ್ರ ಟಿಕೆಟ್; ಉಳಿದ ದಿನಗಳಲ್ಲಿ ಬಸ್ಸು, ಮೆಟ್ರೊ ಮತ್ತು ಊಟದ ಖರ್ಚು, ಅಷ್ಟೇ. ಮೂರು ವಾರ ಕಳೆದರೂ ಪುಕ್ಕಟೆ ನೋಡುವ ಜಾಗಗಳು ಮುಗಿದಿರಲಿಲ್ಲ.

ಸಿಂಗಪುರ ಒಂದೇ ಊರಿನ ದೇಶ. ಸುಮಾರು 735 ಚದರ ಕಿಲೋಮೀಟರ್ ಎಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರು ನಗರದಷ್ಟು. 1965ರ ಆಗಸ್ಟ್ 9ರಂದು ಮಲೇಷ್ಯಾದಿಂದ ಬೇರೆಯಾಗಿ ಸ್ವತಂತ್ರವಾದಾಗ ಇನ್ನೂ ಚಿಕ್ಕದಿತ್ತು. ಆಮೇಲೆ ಸಮುದ್ರಕ್ಕೆ ಮಣ್ಣು ತುಂಬಿಸಿ ನೆಲವನ್ನು ಬೆಳೆಸಿಕೊಂಡಿತು. ಹೆಸರು ಮಾತ್ರ ನಮಗೆ ಹತ್ತಿರದ್ದು. ಸಂಸ್ಕೃತದ ‘ಸಿಂಹಪುರ’ವೇ ಸಿಂಗಪುರ. ಸುಮಾತ್ರದ ಪಾಲೆಂಬಾಂಗ್‌ನ ರಾಜಕುಮಾರನೊಬ್ಬ ಇಲ್ಲಿಗೆ ಬಂದಾಗ ಸಿಂಹದಂಥ ಪ್ರಾಣಿಯನ್ನು ಕಂಡನೆಂದು ಕಥೆ ಇದೆ. ಆದರೆ ಈ ದ್ವೀಪದಲ್ಲಿ ಸಿಂಹಗಳು ಇರಲೇ ಇಲ್ಲ. ಅವನು ಕಂಡದ್ದು ಹುಲಿಯೇ ಇರಬೇಕೆಂದು ಬಲ್ಲವರು ಹೇಳುತ್ತಾರೆ.

ಸತ್ತ ನದಿ ಬದುಕಿದ್ದು

ಮೊದಲು ನೋಡಬೇಕಾದದ್ದು ಸಿಂಗಪುರ ನದಿಯ ದಂಡೆ. ನದಿ ಎಂದರೂ ಉದ್ದ ಮೂರ್ನಾಲ್ಕು ಕಿಲೋಮೀಟರ್ ಮಾತ್ರ. ಅದು ಕೊಲ್ಲಿಯನ್ನು ಸೇರುವ ಕಡೆ ಸಿಂಹದ ತಲೆ, ಮೀನಿನ ಮೈ ಇರುವ ಮರ್ಲಯನ್ ನಿಂತಿದೆ. 8.6 ಮೀಟರ್ ಎತ್ತರ, 70 ಟನ್ ತೂಕ. 1972ರಿಂದ ಬಾಯಿಂದ ನೀರು ಚಿಮ್ಮಿಸುತ್ತಿದೆ. ಮುಂದೆ ಹೊಸ ಸೇತುವೆ ಕಟ್ಟಿ ಅದು ಕಾಣದಂತಾದಾಗ, 2002ರಲ್ಲಿ ಇಡೀ ಪ್ರತಿಮೆಯನ್ನು ಈಗಿರುವ ಜಾಗಕ್ಕೆ ಸಾಗಿಸಿದರು.

ಅಲ್ಲಿಂದ ಹತ್ತು ನಿಮಿಷ ನಡೆದರೆ ಕ್ಯಾವನಾ ಸೇತುವೆ. ಒಂದೂವರೆ ಶತಮಾನದಷ್ಟು ಹಳೆಯದು. ಈಗ ಜನ ಮಾತ್ರ ನಡೆದಾಡುವ ಈ ಸೇತುವೆಯಲ್ಲಿ ಹಳೆಯ ಪೊಲೀಸ್ ಫಲಕವೊಂದು ಹಾಗೇ ಉಳಿದಿದೆ: ಭಾರದ ಗಾಡಿಗಳಿಗೂ, ದನಗಳಿಗೂ, ಕುದುರೆಗಳಿಗೂ ಪ್ರವೇಶವಿಲ್ಲ. ಮೊಮ್ಮಗಳು ಅದನ್ನು ಜೋರಾಗಿ ಓದಿ ನಕ್ಕಿದ್ದೇ ನಕ್ಕಿದ್ದು. ಪಕ್ಕದಲ್ಲೇ ಐವರು ಹುಡುಗರು ದಡದಿಂದ ನದಿಗೆ ಹಾರುತ್ತಿರುವ ಕಂಚಿನ ಶಿಲ್ಪ. ಒಬ್ಬ ಆಗಲೇ ಗಾಳಿಯಲ್ಲಿದ್ದಾನೆ.

ಮಕ್ಕಳೇ, ಐವತ್ತು ವರ್ಷದ ಹಿಂದೆ ಈ ನದಿಗೆ ಯಾರೂ ಹಾರುವಂತಿರಲಿಲ್ಲ. ಮೇಲುಭಾಗದ ಹಂದಿ, ಬಾತುಕೋಳಿ ಸಾಕಣೆಯ ಕೊಳಚೆ, ಗುಡಿಸಲುಗಳ ಮಲಿನ, ದಡದ ತಳ್ಳುಗಾಡಿಗಳ ಎಂಜಲು, ಸರಕಿನ ದೋಣಿಗಳ ಎಣ್ಣೆ ಎಲ್ಲವೂ ನದಿಗೇ ಬಂದು ಬೀಳುತ್ತಿತ್ತು. ಮೂಗು ಮುಚ್ಚಿಕೊಂಡೇ ದಾಟಬೇಕಿತ್ತಂತೆ. 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಹತ್ತು ವರ್ಷದ ಗಡುವು ಕೊಟ್ಟರು: ನದಿ ಶುದ್ಧವಾಗಬೇಕು, ಅದರಲ್ಲಿ ಮೀನು ಓಡಾಡಬೇಕು. ಹಂದಿ ಸಾಕಣೆ ನಿಂತಿತು. ಗುಡಿಸಲಿನವರಿಗೆ ಸರ್ಕಾರಿ ಫ್ಲ್ಯಾಟು ಸಿಕ್ಕಿತು. 1983ರಲ್ಲಿ ಸರಕಿನ ದೋಣಿಗಳು ಬೇರೆ ಬಂದರಿಗೆ ಹೋದವು. ತಳದ ಕೆಸರನ್ನು ತೋಡಿ ತೆಗೆದರು. 1987ಕ್ಕೆ ಕೆಲಸ ಮುಗಿಯಿತು. ಯಾರಿಗೂ ನೋವಾಗದೆ ನಡೆದ ಕೆಲಸವೇನಲ್ಲ ಇದು. ತಲೆಮಾರುಗಳಿಂದ ಅಲ್ಲೇ ದುಡಿದಿದ್ದ ದೋಣಿಯವರು, ಅಂಗಡಿಯವರು ನೆಲೆ ಬಿಟ್ಟು ಏಳಬೇಕಾಯಿತು.

ಈಗ ಅದೃಷ್ಟ ಚೆನ್ನಾಗಿದ್ದರೆ ಆ ನೀರಿನಲ್ಲಿ ನೀರುನಾಯಿ ಕಾಣುತ್ತದೆ. ಅವನ್ನು ಯಾರೂ ತಂದು ಬಿಟ್ಟದ್ದಲ್ಲ. ನೀರು ತಿಳಿಯಾದ ಮೇಲೆ ತಾವಾಗಿ ಬಂದವು. ನಾವು ಬೆಳಗಿನ ಏಳೂವರೆಗೆ ಕಂಡದ್ದು ಒಂದು ಇಡೀ ಸಂಸಾರ, ಎಣಿಸಿದರೆ ಏಳು. ಒಂದು ಮೀನನ್ನು ತಲೆಯಿಂದ ಕರಕರ ಕಡಿಯುತ್ತಿತ್ತು, ಮರಿಗಳು ಅದಕ್ಕಾಗಿ ಕಿರುಚಾಡುತ್ತಿದ್ದವು.

“ತಾತ, ನಮ್ಮ ಕಡೆ ಇವು ಇಲ್ವಾ?” ಎಂದಳು ಮೊಮ್ಮಗಳು.

“ಇದೇ ಜಾತಿಯವು ಕಾವೇರಿಯಲ್ಲಿವೆ, ತುಂಗಭದ್ರೆಯಲ್ಲಿವೆ” ಎಂದೆ.

“ಬೆಂಗಳೂರಲ್ಲಿ?”

ಅವಳಿಗೆ ವೃಷಭಾವತಿಯ ಕಥೆ ಹೇಳಿದೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಹೋಗುವಾಗ ನಾವು ಹುಡುಗರು ಅದರ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಿದ್ದೆವು. “ಆ ಮೋರೀಲಾ?” ಎಂದು ಅವಳು ಬಾಯಿ ತೆರೆದಳು. ಅವಳು ಹುಟ್ಟಿದಾಗಿನಿಂದ ಅದನ್ನು ಮೋರಿಯಾಗಿಯೇ ಕಂಡವಳು. ಅದೊಂದು ನದಿ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನೀರನ್ನೇ ನೋಡಿ, “ಇವರಿಗೆ ಹತ್ತು ವರ್ಷ ಬೇಕಾಯ್ತು ಅಲ್ವಾ?” ಎಂದಳು. ಅವಳಿಗೀಗ ಹತ್ತು ತುಂಬಿ ಹನ್ನೊಂದು. ನಾನು ಹೂಂ ಎಂದೆ.

ಬೀದಿಯ ಅಡುಗೆಗೆ ಒಂದು ಸೂರು

ದಡದಿಂದಲೂ ಬೀದಿಗಳಿಂದಲೂ ಎಬ್ಬಿಸಿದ ತಳ್ಳುಗಾಡಿಯವರಿಗೆ ನಲ್ಲಿ, ಚರಂಡಿ, ಸೂರು ಇರುವ ಕಟ್ಟಡಗಳನ್ನು ಕಟ್ಟಿಕೊಟ್ಟರು. ಅವೇ ಇಂದಿನ ಹಾಕರ್ ಸೆಂಟರ್‌ಗಳು. ಊರಲ್ಲಿ ನೂರಕ್ಕೂ ಹೆಚ್ಚಿವೆ. 2020ರಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೂಟು ಬೂಟಿನ ಸಾಹೇಬರೂ ಕಟ್ಟಡ ಕಾರ್ಮಿಕರೂ ಒಂದೇ ಮೇಜಿನಲ್ಲಿ ಉಣ್ಣುವುದನ್ನು ಇಲ್ಲಿ ಕಾಣಬಹುದು.

ಜಾಗ ಹಿಡಿಯುವ ಪದ್ಧತಿಯಂತೂ ನನಗೆ ತುಂಬಾ ಹಿಡಿಸಿತು. ಮೇಜಿನ ಮೇಲೆ ಒಂದು ಟಿಶ್ಯೂ ಪೇಪರಿನ ಪೊಟ್ಟಣ ಇಟ್ಟು ಊಟ ತರಲು ಹೋಗುತ್ತಾರೆ. ಆ ಮೇಜನ್ನು ಇನ್ಯಾರೂ ಮುಟ್ಟುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುತ್ತೇವಲ್ಲ, ಹಾಗೆ! ಉಂಡ ಮೇಲೆ ತಟ್ಟೆಯನ್ನು ನಾವೇ ಒಯ್ದು ಗೂಡಿನಲ್ಲಿಡಬೇಕು. ಇಡದಿದ್ದರೆ ದಂಡ ಬೀಳಬಹುದು.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ದೋಸೆ, ಇಡ್ಲಿ ಸಿಗುತ್ತವೆ. ಚೀನೀಯರ ಸಸ್ಯಾಹಾರಿ ಅಂಗಡಿಗಳೂ ಇವೆ. ಅಲ್ಲಿ ಮಾಂಸದಂತೆ ಕಾಣುವುದು ಸೋಯಾದಿಂದಲೋ ಗೋಧಿಯಿಂದಲೋ ಮಾಡಿದ್ದು. ನೋಡಿ ಗಾಬರಿಯಾಗಬೇಡಿ. ಸಕ್ಕರೆ ಕಾಯಿಲೆಯ ಅಜ್ಜ ಅಜ್ಜಿಯರಿಗೆ ಒಂದು ಮಂತ್ರ ಹೇಳಿಕೊಡುತ್ತೇನೆ: ‘ಕೋಪಿ ಓ ಕೋಸೊಂಗ್’. ‘ಕೋಪಿ’ ಕಾಫಿ, ‘ಓ’ ಎಂದರೆ ಹಾಲಿಲ್ಲ, ‘ಕೋಸೊಂಗ್’ ಎಂದರೆ ಮಲಯ ಭಾಷೆಯಲ್ಲಿ ಖಾಲಿ, ಅಂದರೆ ಸಕ್ಕರೆ ಇಲ್ಲ. ಹಾಲು ಬೇಕು, ಸಕ್ಕರೆ ಬೇಡ ಎನ್ನುವವರು ‘ಕೋಪಿ ಸಿ ಕೋಸೊಂಗ್’ ಎನ್ನಬೇಕು. ಬರೀ ‘ಕೋಪಿ’ ಎಂದರೆ ಸಿಹಿ ಗಟ್ಟಿಹಾಲು ಸುರಿದೇ ಕೊಡುತ್ತಾರೆ.

ಗೋಪುರ, ಗುಮ್ಮಟ, ಬಾಟಲಿ

ಚೈನಾಟೌನಿನ ಸೌತ್ ಬ್ರಿಜ್ ರಸ್ತೆಯಲ್ಲಿ ಮಾರಿಯಮ್ಮನ್ ದೇವಸ್ಥಾನವಿದೆ. 1827ರಲ್ಲಿ ಸ್ಥಾಪನೆಯಾದ ಇದು ಸಿಂಗಪುರದ ಅತಿ ಹಳೆಯ ಹಿಂದೂ ದೇವಾಲಯ. ಇದನ್ನು ಕಟ್ಟಿಸಿದ ನಾರಾಯಣ ಪಿಳ್ಳೈ ಅವರು 1819ರಲ್ಲಿ ಬ್ರಿಟಿಷ್ ಅಧಿಕಾರಿ ರಾಫೆಲ್ಸ್ ಜೊತೆ ಪೆನಾಂಗ್‌ನಿಂದ ಬಂದವರು. ದೀಪಾವಳಿಗೆ ಮೊದಲು ಇಲ್ಲಿ ಕೆಂಡ ಹಾಯುವ ಉತ್ಸವ ನಡೆಯುತ್ತದೆ. ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ತಮಿಳು ಮುಸ್ಲಿಮರು ಕಟ್ಟಿದ ಜಾಮೆ ಮಸೀದಿ. ಇನ್ನೊಂದು ದಿಕ್ಕಿಗೆ ಸ್ವಲ್ಪ ನಡೆದರೆ ಬುದ್ಧನ ದಂತವಿದೆ ಎನ್ನುವ ದೊಡ್ಡ ಮಂದಿರ. ಮಗ್ಗುಲಿನ ಓಣಿಗಳ ಹೆಸರನ್ನು ಮಕ್ಕಳು ಓದಲಿ: ಮಾಸ್ಕ್ ಸ್ಟ್ರೀಟ್, ಟೆಂಪಲ್ ಸ್ಟ್ರೀಟ್, ಪಗೋಡ ಸ್ಟ್ರೀಟ್. ಈ ‘ಪಗೋಡ’ ಬೇರೆ ಯಾವುದೂ ಅಲ್ಲ, ನಮ್ಮ ಮಾರಿಯಮ್ಮನ ಗೋಪುರವೇ!

ಕಾಂಪೊಂಗ್ ಗ್ಲಾಮ್ ಎಂಬ ಮಲಯರ ಹಳೆಯ ಬಡಾವಣೆಯಲ್ಲಿ ಸುಲ್ತಾನ್ ಮಸೀದಿಯ ಚಿನ್ನದ ಬಣ್ಣದ ಗುಮ್ಮಟಗಳಿವೆ. ಈಗಿನ ಕಟ್ಟಡ ಮುಗಿದದ್ದು 1932ರಲ್ಲಿ. ಗುಮ್ಮಟದ ಬುಡದಲ್ಲಿ ಕಪ್ಪಗೆ ಹೊಳೆಯುವ ಪಟ್ಟಿಯೊಂದು ಕಾಣುತ್ತದೆ. ದಿಟ್ಟಿಸಿ ನೋಡಿ, ಅವು ಗಾಜಿನ ಬಾಟಲಿಗಳ ತಳಗಳು. ಶ್ರೀಮಂತರು ಹಣ ಕೊಟ್ಟರು. ಕೈಯಲ್ಲಿ ಕಾಸಿಲ್ಲದ ಬಡವರು ಬಾಟಲಿ ತಂದುಕೊಟ್ಟರು. ದೇವರ ಮನೆಗೆ ಎಲ್ಲರದೂ ಒಂದು ಪಾಲಿರಲಿ ಎಂದು ಅವನ್ನು ಗುಮ್ಮಟಕ್ಕೇ ಸೇರಿಸಿದರಂತೆ. ನನ್ನಾಕೆಗೆ ಇಡೀ ಸಿಂಗಪುರದಲ್ಲಿ ಹೆಚ್ಚು ಇಷ್ಟವಾದದ್ದು ಈ ಬಾಟಲಿಗಳೇ.

ಈ ದೇಶಕ್ಕೆ ಮಲಯ, ಚೀನೀ, ತಮಿಳು, ಇಂಗ್ಲಿಷ್ ಎಂಬ ನಾಲ್ಕು ಅಧಿಕೃತ ಭಾಷೆಗಳು. ಮುಖ್ಯ ಫಲಕಗಳಲ್ಲಿ ನಾಲ್ಕೂ ಸಾಲಾಗಿರುತ್ತವೆ. ತಮಿಳು ಅಕ್ಷರ ಕಂಡಾಗಲೆಲ್ಲ ಪಕ್ಕದ ಮನೆಯವರನ್ನು ಕಂಡಂತಾಗುತ್ತದೆ. ಕನ್ನಡಿಗರೂ ಇದ್ದಾರೆ; ಅವರದೊಂದು ಕನ್ನಡ ಸಂಘವೂ ಇದೆ.

ನೋಟಿನಲ್ಲಿರುವ ಮರ

ಬ್ಯಾಂಕಿನಲ್ಲಿ ನೋಟು ಎಣಿಸಿದ ಕೈಗೆ ಬೇರೆ ದೇಶದ ನೋಟು ಸಿಕ್ಕರೆ ತಿರುವಿ ನೋಡುವ ಚಾಳಿ. ಸಿಂಗಪುರದ ಐದು ಡಾಲರ್ ನೋಟಿನಲ್ಲಿ ಅಡ್ಡಕ್ಕೆ ಕೊಂಬೆ ಚಾಚಿದ ಮರವೊಂದಿದೆ. ಅದು ಚಿತ್ರಕಾರನ ಕಲ್ಪನೆಯಲ್ಲ. ಬೊಟಾನಿಕ್ ಗಾರ್ಡನ್ಸ್‌ನಲ್ಲಿರುವ ಟೆಂಬೂಸು ಮರ. ನೋಟನ್ನು ಮೊಮ್ಮಗಳ ಕೈಗೆ ಕೊಟ್ಟು “ಹುಡುಕು ನೋಡೋಣ” ಎಂದೆ. ಅರ್ಧ ಗಂಟೆಯಲ್ಲಿ ಹುಡುಕಿದಳು. ಮರಕ್ಕೆ ತೋಟಕ್ಕಿಂತ ಹೆಚ್ಚು ವಯಸ್ಸು. ಈಗ ಸುತ್ತ ಬೇಲಿ ಹಾಕಿ, ಮುದಿ ಕೊಂಬೆಗೆ ಊರುಗೋಲು ಕೊಟ್ಟು ಕಾಪಾಡುತ್ತಿದ್ದಾರೆ.

1859ರಲ್ಲಿ ಶುರುವಾದ ಈ ತೋಟ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು. ಬೆಳಗಿನ ಐದರಿಂದ ಮಧ್ಯರಾತ್ರಿವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ. ನಮ್ಮ ಲಾಲ್‌ಬಾಗ್‌ನಂತೆ ಮುಂಜಾನೆ ವಾಯುವಿಹಾರಿಗಳದ್ದೇ ರಾಜ್ಯ. ರಬ್ಬರ್ ಮರವನ್ನು ಕೊಲ್ಲದೆ, ತೊಗಟೆಯನ್ನಷ್ಟೇ ಕೆತ್ತಿ ಹಾಲು ಇಳಿಸುವ ವಿಧಾನವನ್ನು ಇಲ್ಲಿನ ನಿರ್ದೇಶಕರಾಗಿದ್ದ ಹೆನ್ರಿ ರಿಡ್ಲಿ ರೂಪಿಸಿದರು. ಒಳಗಿರುವ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ಟಿದೆ.

ಮಳೆಯ ಲೆಕ್ಕ

ಇಷ್ಟು ಹಸಿರಾದ ದೇಶಕ್ಕೆ ಕುಡಿಯುವ ನೀರಿನದೇ ಕೊರತೆ. ಪಕ್ಕದ ಮಲೇಷ್ಯಾದಿಂದ ಕೊಳವೆಯಲ್ಲಿ ನೀರು ಕೊಳ್ಳುತ್ತದೆ. 1962ರ ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಆದ್ದರಿಂದ ಬಿದ್ದ ಮಳೆಯನ್ನು ಹಿಡಿಯುತ್ತಾರೆ, ಸಮುದ್ರದ ಉಪ್ಪು ತೆಗೆಯುತ್ತಾರೆ, ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸುತ್ತಾರೆ.

ಇದನ್ನು ಕಣ್ಣಾರೆ ನೋಡಲು ಮರೀನಾ ಬ್ಯಾರೇಜಿಗೆ ಹೋಗಬೇಕು. 2008ರಲ್ಲಿ ತೆರೆದ ಈ ಕಟ್ಟೆ ಸುಮಾರು 350 ಮೀಟರ್ ಉದ್ದವಿದೆ. ಒಂದು ಕಡೆ ಉಪ್ಪಿನ ಸಮುದ್ರ, ಇನ್ನೊಂದು ಕಡೆ ಸಿಹಿನೀರು. ದೇಶದ ಆರನೇ ಒಂದು ಭಾಗದ ಮೇಲೆ ಬಿದ್ದ ಮಳೆ ಇಲ್ಲಿಗೆ ಹರಿದು ಬರುತ್ತದೆ. ಜೋರು ಮಳೆಯಾದಾಗ ಸಮುದ್ರ ಇಳಿತದಲ್ಲಿದ್ದರೆ ಒಂಬತ್ತು ಗೇಟುಗಳನ್ನು ಇಳಿಸಿ ಹೆಚ್ಚಿನ ನೀರನ್ನು ಹೊರಬಿಡುತ್ತಾರೆ; ಉಬ್ಬರವಿದ್ದರೆ ಏಳು ದೈತ್ಯ ಪಂಪುಗಳು ಎತ್ತಿ ಹಾಕುತ್ತವೆ. ಸಿಂಗಪುರ ನದಿಯೂ ಸೇರುವುದು ಈ ಜಲಾಶಯಕ್ಕೇ. ಅಂದು ನದಿಯನ್ನು ತೊಳೆಯದಿದ್ದರೆ ಇಂದು ಈ ನೀರು ಕುಡಿಯಲು ಒದಗುತ್ತಿರಲಿಲ್ಲ. ಕಟ್ಟಡದ ಚಾವಣಿಯೆಲ್ಲ ಹುಲ್ಲುಹಾಸು. ಸಂಜೆ ಅಲ್ಲಿ ಮನೆಮಂದಿಯೆಲ್ಲ ಗಾಳಿಪಟ ಹಾರಿಸುತ್ತಾರೆ.

ಅಲ್ಲಿಂದ ಗಾರ್ಡನ್ಸ್ ಬೈ ದಿ ಬೇ ಹತ್ತಿರ. ಗಾಜಿನ ಮನೆಗಳಿಗೆ ಟಿಕೆಟ್ ಬೇಕು. ಉಕ್ಕಿನ ಮಹಾವೃಕ್ಷಗಳ ಕೆಳಗೆ ಅಡ್ಡಾಡಲು ಬೇಡ. ಅಂಥ ಮರಗಳು ಒಟ್ಟು 18, ಎತ್ತರ 25ರಿಂದ 50 ಮೀಟರ್. ರಾತ್ರಿ ಸಂಗೀತಕ್ಕೆ ತಕ್ಕಂತೆ ಬಣ್ಣದ ದೀಪ ಬೆಳಗುತ್ತವೆ. ಜನ ನೆಲದ ಮೇಲೇ ಅಂಗಾತ ಮಲಗಿ ನೋಡುತ್ತಾರೆ. ನಾವೂ ಮಲಗಿದೆವು.

ನಿಧಾನ ನಡೆಯುವವರಿಗೆ

ಅಲ್ಲಿನ ನೂರಕ್ಕೆ ಸುಮಾರು ಎಂಬತ್ತು ಮಂದಿ ಸರ್ಕಾರ ಕಟ್ಟಿಸಿದ ಫ್ಲ್ಯಾಟುಗಳಲ್ಲಿದ್ದಾರೆ. ಹಲವು ಕಟ್ಟಡಗಳ ನೆಲಮಹಡಿಯನ್ನು ಗೋಡೆಯಿಲ್ಲದೆ ಹಾಗೇ ಬಿಟ್ಟಿರುತ್ತಾರೆ. ನಮ್ಮ ಹಳ್ಳಿಯ ಜಗಲಿ ಎನ್ನಿ. ಅಜ್ಜಂದಿರು ಚೀನೀ ಚದುರಂಗ ಆಡುತ್ತಾರೆ. ಮಲಯರ ಮದುವೆ, ಚೀನೀಯರ ಸಾವಿನ ವಿಧಿ ಎರಡೂ ಅಲ್ಲೇ ನಡೆಯುತ್ತವೆ. ನನ್ನಾಕೆಯ ಮಂಡಿ ನೋವಿಗೆ ಅಲ್ಲಿನ ಕಲ್ಲುಬೆಂಚೇ ಮದ್ದಾಯಿತು. ಕೆಲವು ರಸ್ತೆಗಳಲ್ಲಿ ಅಲ್ಲಿನ ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ದಾಟಲು ಕೆಲವು ಸೆಕೆಂಡು ಹೆಚ್ಚು ಸಿಗುತ್ತದೆ. ಇದನ್ನು ನೋಡಲೂ ಟಿಕೆಟ್ಟಿಲ್ಲ.

ಹೊರಡುವ ಮುನ್ನ

* ಭಾರತೀಯರಿಗೆ ವೀಸಾ ಬೇಕು. ತಲುಪುವುದಕ್ಕೆ ಮೊದಲಿನ ಮೂರು ದಿನದೊಳಗೆ ಆಗಮನ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ.
* ಸಮಭಾಜಕ ವೃತ್ತದ ಸಮೀಪದ ಊರು. ವರ್ಷವಿಡೀ ಸೆಕೆ, ದಿಢೀರ್ ಮಳೆ. ಛತ್ರಿ ಕೈಯಲ್ಲಿರಲಿ. ನಲ್ಲಿ ನೀರನ್ನೇ ಕುಡಿಯಬಹುದು, ಖಾಲಿ ಬಾಟಲಿ ಒಯ್ಯಿರಿ.
* ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮನೆಯಲ್ಲೋ ಗ್ರಂಥಾಲಯದಲ್ಲೋ ಇರಿ. ಬೆಳಗ್ಗೆ ಒಂದು ಜಾಗ, ಸಂಜೆ ಒಂದು ಜಾಗ ಸಾಕು.
* ದೇವಸ್ಥಾನ, ಮಸೀದಿಗಳಿಗೆ ಮೈಮುಚ್ಚುವ ಉಡುಪು ಇರಲಿ. ಪಾದರಕ್ಷೆ ಹೊರಗೆ ಬಿಡಿ.
* ಮೆಟ್ರೊ ರೈಲಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಚ್ಯೂಯಿಂಗ್ ಗಮ್ ಒಯ್ಯಬೇಡಿ.
* ಬರುವಾಗ ವಿಮಾನ ನಿಲ್ದಾಣದ ಜ್ಯುವೆಲ್ ಕಟ್ಟಡಕ್ಕೆ ಎರಡು ಗಂಟೆ ಮೊದಲೇ ಹೋಗಿ. ಸೂರಿನೊಳಗೇ 40 ಮೀಟರ್ ಎತ್ತರದಿಂದ ಧುಮುಕುವ ಜಲಪಾತವಿದೆ. ಅದಕ್ಕೂ ಟಿಕೆಟ್ಟಿಲ್ಲ.
* ನೀರುನಾಯಿ ಕಂಡರೆ ದೂರ ನಿಂತೇ ನೋಡಿ, ತಿನ್ನಲು ಹಾಕಬೇಡಿ. ಬೆಳಗಿನ ಒಂಬತ್ತರೊಳಗೆ ಹೋದವರಿಗೆ ಕಾಣುವ ಸಂಭವ ಹೆಚ್ಚು.